ಮನೆಬಣ್ಣದ ನೆಂಟರು

ಊರಾಚೆಯ ಬೋಳುಗುಡ್ಡದಲ್ಲಿ ಒಂದು ಕಲ್ಲುಗಣಿ ಇತ್ತು. ಕಲ್ಲು ಒಡೆಯುವವರು ಅದನ್ನು ಬಿಟ್ಟುಹೋಗಿ ಎಷ್ಟೋ ವರ್ಷಗಳಾಗಿದ್ದವು. ಅವರು ತೋಡಿದ ಹೊಂಡದಲ್ಲಿ ಮಳೆನೀರು ನಿಂತು, ತಿಳಿಯಾಗಿ, ಈಗ ಅದೇ ಒಂದು ಕೊಳವಾಗಿತ್ತು. ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಕಲ್ಲಿನ ಗೋಡೆ. ತಳದಲ್ಲಿ ಉಳಿಯ ಗುರುತು ಉಳಿದ ಬಂಡೆಗಳು. ನೀರು ಎಷ್ಟು ತಿಳಿಯೆಂದರೆ, ಮೇಲೆ ಹಾರುವ ಕಾಗೆಯ ರೆಕ್ಕೆಯಲ್ಲಿ ಎಷ್ಟು ಗರಿ ಉದುರಿದೆ ಎಂದು ತಳದಲ್ಲಿ ಕೂತವರು ಜಗಳವಾಡಬಹುದಿತ್ತು.

ಆ ತಳದ ದೊಡ್ಡ ಬಂಡೆಯಲ್ಲಿ ಉದ್ದಕ್ಕೂ ಒಂದು ಬಿರುಕು. ಬಿರುಕಿನೊಳಗೆ ಗೆಂಡೆ ಮೀನುಗಳ ತುಂಬಿದ ಸಂಸಾರ.

ಮಕ್ಕಳೇ, ಈ ಗೆಂಡೆಗಳ ಒಂದು ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನಮಗೆ ಕಾಣದ ಒಂದು ಬಣ್ಣ ಅವುಗಳಿಗೆ ಕಾಣುತ್ತಿತ್ತು. ಕಾಮನಬಿಲ್ಲಿನಲ್ಲಿ ನೇರಳೆ ಬಣ್ಣ ಮುಗಿದ ಮೇಲೆ ನಮಗೆ ಬರೀ ಆಕಾಶ ತಾನೇ? ಅವುಗಳಿಗೆ ಅಲ್ಲಿ ಇನ್ನೂ ಒಂದು ಪಟ್ಟೆ ಇತ್ತು. ಅದೇ ಬಣ್ಣ ಪ್ರತಿ ಗೆಂಡೆಯ ಎರಡು ಕೆನ್ನೆಯ ಮೇಲೂ ಮೂರು ಮೂರು ಗೆರೆಯಾಗಿ ಹೊಳೆಯುತ್ತಿತ್ತು. ಆಮೆಗೆ ಅದು ಕಾಣದು, ಏಡಿಗೆ ಕಾಣದು, ದಡದಲ್ಲಿ ಕೂತ ಮಿಂಚುಳ್ಳಿಯ ಮಾತು ನನಗೆ ಗೊತ್ತಿಲ್ಲ. ಗೆಂಡೆಗಳು ಅದನ್ನು ಮನೆಬಣ್ಣ ಎಂದು ಕರೆಯುತ್ತಿದ್ದವು. ಮನೆಬಣ್ಣ ಇದ್ದವರು ನಮ್ಮವರು, ಇಲ್ಲದವರು ಹೊರಗಿನವರು. ಲೆಕ್ಕ ಅಷ್ಟು ಸುಲಭ.

ಅವುಗಳಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಮೇಲಿನ ಮೆಟ್ಟಿಲುಗಳಿಂದಲೋ ಆಚೆಯ ಸಂದಿನಿಂದಲೋ ನೆಂಟರು ಬಂದರೆ ಬರಿಬಾಯಲ್ಲಿ ಬರುವಂತಿಲ್ಲ, ಬಾಯಲ್ಲಿ ಒಂದು ತುತ್ತು ಹಿಡಿದುಕೊಂಡೇ ಬರಬೇಕು. ಮನೆಯವರು ಎದುರುಹೋಗಿ ಆ ತುತ್ತನ್ನು ನೆಂಟರ ಬಾಯಿಂದ ತಮ್ಮ ಬಾಯಿಗೆ ತೆಗೆದುಕೊಳ್ಳಬೇಕು. ಆಮೇಲೆಯೇ ಮಾತುಕತೆ, ಕ್ಷೇಮಸಮಾಚಾರ. ತುತ್ತು ತೆಗೆದುಕೊಳ್ಳುವ ಮೊದಲೇ "ನೀವ್ಯಾರು, ಎಲ್ಲಿಂದ ಬಂದ್ರಿ" ಎಂದು ಕೇಳಿದರೆ ನೆಂಟರಿಗೆ ಅವಮಾನ. ಹೊರಗಿನವರನ್ನು ಮಾತ್ರ ಎಷ್ಟು ಬೇಕಾದರೂ ಕೇಳಬಹುದು.

ಕೇಳುವ ಆ ಕೆಲಸ ಪದುಮಕ್ಕನದು.

ಪದುಮಕ್ಕ ಬಿರುಕಿನ ಬಾಗಿಲು ಕಾಯುವ ಗೆಂಡೆ. ದಪ್ಪ ಮೈ, ದುಂಡು ಕಣ್ಣು, ಸದಾ ಅರ್ಧ ತೆರೆದ ಬಾಯಿ. ಅನುಮಾನವೆಂದರೆ ಅವಳಿಗೆ ಊಟವಿದ್ದ ಹಾಗೆ, ಹೊತ್ತುಹೊತ್ತಿಗೆ ಬೇಕು. ಒಂದು ದಿನ ಮುದಿ ಆಮೆ ಬಾಗಿಲ ಮುಂದೆ ತೇಲಿ ಬಂತು.

"ನಿಲ್ಲು! ಎಲ್ಲಿಗೆ ಹೊರಟೆ?" ಎಂದಳು ಪದುಮಕ್ಕ.

"ಎಲ್ಲಿಗೂ ಇಲ್ಲ ಕಣಮ್ಮ. ನಿದ್ದೆ ಬಂದಿತ್ತು. ನೀರೇ ತಳ್ಕೊಂಡು ಬಂತು."

"ನೀರು ನಿನ್ನನ್ನೇ ಯಾಕೆ ತಳ್ತು? ಪಕ್ಕದ ಕಲ್ಲನ್ನ ಯಾಕೆ ತಳ್ಳಲಿಲ್ಲ?"

ಆಮೆ ತಲೆ ಒಳಗೆಳೆದುಕೊಂಡು ಬೇರೆ ಕಡೆ ಮಲಗಲು ಹೋಯಿತು.

ಇನ್ನೊಮ್ಮೆ ಬೇವಿನ ಎಲೆಯೊಂದು ಮೇಲಿನಿಂದ ಉದುರಿ ಮೆಲ್ಲಗೆ ಇಳಿಯಿತು. ಪದುಮಕ್ಕ ಅದನ್ನು ಸಂಜೆಯವರೆಗೂ ವಿಚಾರಿಸಿದಳು. "ಬಾಯಿ ಬಿಡ್ತಿಲ್ಲ ಅಂದ್ರೆ ಏನೋ ಮುಚ್ಚಿಡ್ತಿದೆ" ಎಂದು ಎಲ್ಲರಿಗೂ ಹೇಳಿ, ಅದನ್ನು ಮೂತಿಯಿಂದ ದೂರ ನೂಕಿ ಬಂದಳು. ನಗಬೇಡಿ. ಅವಳಿಗೆ ಒಬ್ಬಳೇ ಮಗಳು, ಹೊನ್ನಿ ಎಂದು ಹೆಸರು. ಮಗಳಿರುವ ತಾಯಿಗೆ ಎಲೆಯ ಮೇಲೂ ಅನುಮಾನ ಬರುವುದು ಸಹಜ.

ಹೀಗಿರುವಾಗ ಒಂದು ಬೆಳಿಗ್ಗೆ ತಿಪ್ಪಕ್ಕ ಕಾಣೆಯಾದಳು.

ತಿಪ್ಪಕ್ಕ ಪಕ್ಕದ ಸಂದಿನವಳು, ಪದುಮಕ್ಕನ ಜೊತೆಯಲ್ಲೇ ಬೆಳೆದವಳು. ಹೊಂಡವನ್ನೆಲ್ಲ ಹುಡುಕಿದರು. ಪಾಚಿಯ ಕೆಳಗೆ ನೋಡಿದರು, ಬಂಡೆಯ ಹಿಂದೆ ನೋಡಿದರು. ಎಲ್ಲೂ ಇಲ್ಲ. ಮಾರನೆಯ ಬೆಳಿಗ್ಗೆ ವೀರಭದ್ರ ಭಾವನೂ ಕಾಣೆಯಾದ. ಅವನು ಪದುಮಕ್ಕನ ಅಕ್ಕನ ಗಂಡ, ಬಿರುಕಿನಲ್ಲೆಲ್ಲ ಅಗಲವಾದ ಮೀನು. ಅಷ್ಟು ಅಗಲದವನು ಸಣ್ಣ ಸಂದಿಗೆ ನುಗ್ಗಿ ಮರೆಯಾಗಲೂ ಸಾಧ್ಯವಿರಲಿಲ್ಲ.

ಬಿರುಕಿನಲ್ಲಿ ಊಟ ನಿಂತಿತು. ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡತೊಡಗಿದರು. ಪದುಮಕ್ಕ ಮಾತ್ರ ಹುಡುಕುವುದನ್ನು ಬಿಡಲಿಲ್ಲ. ಕೊನೆಗೆ ಅದೇ ಸಂಜೆ ಕೆಳಗಿನ ಮೆಟ್ಟಿಲಿನ ಬುಡದಲ್ಲಿ, ಏಡಿ ನಿಂಗಣ್ಣನ ಬಿಲದ ಬಾಯಲ್ಲಿ, ಒಂದು ಹುರುಪೆ ಬಿದ್ದಿರುವುದನ್ನು ಕಂಡಳು. ಗೆಂಡೆಯ ಹುರುಪೆ. ತಿಪ್ಪಕ್ಕನದೇ.

"ಸಿಕ್ಕಿಬಿದ್ದ!" ಎಂದು ಕೂಗಿದಳು.

ನಿಂಗಣ್ಣ ಬಿಲದಿಂದ ಅಡ್ಡಡ್ಡವಾಗಿ ಹೊರಬಂದ. ಕಪ್ಪು ಮೈಯ, ಇಕ್ಕುಳದಂಥ ಎರಡು ಕೊಂಡಿಯ ಒಂಟಿ ಏಡಿ. ಕಣ್ಣು ಮಂಜು, ಹತ್ತಿರದ್ದು ಮಾತ್ರ ಕಾಣುತ್ತಿತ್ತು. ಮುಟ್ಟಿ ನೋಡಿದ್ದನ್ನು ಬಿಟ್ಟು ಬೇರೇನನ್ನೂ ನಂಬದವನು.

"ಏನಮ್ಮ ಗಲಾಟೆ?" ಎಂದ.

"ನಿನ್ನ ಕೆನ್ನೆ ತೋರಿಸು."

"ನನಗೆಲ್ಲಿದೆ ಕೆನ್ನೆ?"

"ನೋಡಿದ್ರಾ!" ಎಂದು ಪದುಮಕ್ಕ ಹಿಂದೆ ನೆರೆದ ಗೆಂಡೆಗಳತ್ತ ತಿರುಗಿದಳು. "ಕೆನ್ನೆಯೇ ಇಲ್ಲವಂತೆ! ತಿಪ್ಪಕ್ಕನ ಹುರುಪೆ ನಿನ್ನ ಬಾಗಿಲಿಗೆ ಹೇಗೆ ಬಂತು ಹೇಳು."

"ಮೇಲಿನಿಂದ ಬಿತ್ತು. ಮೊನ್ನೆಯಿಂದ ಮೇಲಿನಿಂದ ಒಂದು ದಾರ ಇಳೀತಿದೆ ಪದುಮಕ್ಕ. ಕೂದಲಿನಷ್ಟು ಸಣ್ಣ, ಕಣ್ಣಿಗೆ ಕಾಣಲ್ಲ. ಒಂದು ಸಲ ಕಲ್ಲಿಗೆ ಸಿಕ್ಕಿಕೊಂಡಿತ್ತು. ಕೊಂಡಿಯಲ್ಲಿ ಹಿಡಿದು ನೋಡಿದೆ. ತುದೀಲಿ ಬಾಗಿದ ಕಬ್ಬಿಣ ಇತ್ತು. ಕತ್ತರಿಸಿ ಬಿಸಾಕ್ದೆ. ಮಾರನೆಯ ದಿನ ಇನ್ನೊಂದು ಇಳೀತು."

"ಕಾಣದ ದಾರವಂತೆ!" ಪದುಮಕ್ಕ ನಕ್ಕಳು. "ಈ ಹೊಂಡದಲ್ಲಿ ನನ್ನ ಕಣ್ಣಿಗೆ ಬೀಳದ್ದು ಯಾವುದಿದೆ? ಆ ದಾರದ ಬಣ್ಣ ಯಾವುದು?"

"ಬಣ್ಣ ಗಿಣ್ಣ ನನಗೆ ಗೊತ್ತಿಲ್ಲ. ಕೊಂಡಿಗೆ ಸಿಕ್ಕಿದ್ದು ಗೊತ್ತು. ಒಂದು ಮಾತು ಕೇಳ್ತೀನಿ. ಹುರುಪೆ ಬಿದ್ದದ್ದು ಮೇಲಿನಿಂದ. ತಿಪ್ಪಕ್ಕ ಆವತ್ತು ಮೇಲಿನ ಮೆಟ್ಟಿಲಿಗೆ ಯಾಕೆ ಹೋಗಿದ್ಲು?"

ಗೆಂಡೆಗಳೆಲ್ಲ ಪದುಮಕ್ಕನ ಕಡೆ ತಿರುಗಿದವು. ಪದುಮಕ್ಕ ಬೇರೆ ಕಡೆ ನೋಡಿದಳು.

ಏಕೆಂದರೆ ಆ ಉತ್ತರ ಅವಳಿಗೆ ಗೊತ್ತಿತ್ತು. ಆ ಬೆಳಿಗ್ಗೆ ಮೇಲಿನ ಮೆಟ್ಟಿಲ ಹತ್ತಿರ ಮನೆಬಣ್ಣ ಹೊಳೆದದ್ದನ್ನು ಮೊದಲು ಕಂಡವಳು ಅವಳೇ. "ಯಾರೋ ನಮ್ಮವರು ಬಂದಿದ್ದಾರೆ ತಿಪ್ಪಕ್ಕ, ನಾನು ಬಾಗಿಲು ಬಿಡೋ ಹಾಗಿಲ್ಲ, ನೀನು ಹೋಗಿ ತುತ್ತು ತಗೊಂಡು ಕರ್ಕೊಂಡು ಬಾ" ಎಂದು ಕಳಿಸಿದವಳೂ ಅವಳೇ. ಪಕ್ಕದಲ್ಲಿ ಆಡುತ್ತಿದ್ದ ಹೊನ್ನಿಯೊಬ್ಬಳು ಅದನ್ನು ಕೇಳಿಸಿಕೊಂಡಿದ್ದಳು. ಆದರೆ ನಮ್ಮವರನ್ನು ಕಾಣಲು ಹೋಗುವುದರಲ್ಲಿ ಅಪಾಯವೆಲ್ಲಿ ಬಂತು? ಆ ವಿಷಯ ಇದಕ್ಕೆ ಸಂಬಂಧವೇ ಇಲ್ಲ ಎಂದುಕೊಂಡಳು ಪದುಮಕ್ಕ. ಹೀಗೆ ಅಂದುಕೊಂಡರೂ ಅವಳಿಗೆ ಅಳುಕು ಉಳಿಯಿತು. ಅದನ್ನು ಮುಚ್ಚಿಕೊಳ್ಳಲು ದನಿ ಏರಿಸಿದಳು.

"ಪ್ರಶ್ನೆ ಕೇಳೋಳು ನಾನು, ನೀನಲ್ಲ! ಇವನನ್ನ ಬಿಲದಲ್ಲೇ ಮುಚ್ಚಿಬಿಡಿ."

ಗೆಂಡೆಗಳೆಲ್ಲ ಸೇರಿ ಮೂತಿಯಿಂದ ಜಲ್ಲಿಕಲ್ಲುಗಳನ್ನು ಉರುಳಿಸಿ ತಂದವು. ನಿಂಗಣ್ಣ ಒಳಗೆ ಸರಿದು ಕೂತ. ಜಗಳವಾಡಲಿಲ್ಲ. "ಮುಚ್ಚೋದಾದ್ರೆ ಮುಚ್ಚಿ. ಆದ್ರೆ ಆ ದಾರ ಇಳಿಯೋ ಕಡೆ ಮಾತ್ರ ಯಾರೂ ಹೋಗಬೇಡಿ" ಎಂಬ ಅವನ ಮಾತು ಕಲ್ಲುಗಳ ಸಂದಿನಿಂದ ಕೇಳಿಸಿತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೀನಿನ ಕಿವಿ ಹೊರಗೆ ಕಾಣುವುದೂ ಇಲ್ಲ, ಬಿಡಿ.

ಆ ದಿನ ಪದುಮಕ್ಕ ಎರಡು ದಿನಗಳ ನಂತರ ಹೊಟ್ಟೆ ತುಂಬ ಪಾಚಿ ತಿಂದಳು.

ಮಾರನೆಯ ಬೆಳಿಗ್ಗೆ ಬಿಸಿಲು ನೀರಿಗಿಳಿಯುವ ಹೊತ್ತಿಗೆ ಹೊನ್ನಿ ಓಡೋಡಿ ಬಂದಳು. "ಅವ್ವಾ, ಮೇಲಿನ ಮೆಟ್ಟಿಲ ಹತ್ತಿರ ನೋಡು! ನಮ್ಮವರು!"

ಪದುಮಕ್ಕ ಕತ್ತೆತ್ತಿದಳು. ನಿಜವೇ. ದೂರದಲ್ಲಿ ಮನೆಬಣ್ಣದ ಮೂರು ಗೆರೆ ಜಗಜಗ ಹೊಳೆಯುತ್ತಿದ್ದವು. ಬಿರುಕಿನಲ್ಲಿ ಇಷ್ಟು ಹೊಳಪಿನ ಕೆನ್ನೆ ಯಾರಿಗೂ ಇರಲಿಲ್ಲ. ದೊಡ್ಡ ಮನೆತನದವರೇ ಇರಬೇಕು. ಕಳ್ಳನಂತೂ ಬಿಲದಲ್ಲಿ ಬಂದಿ. ಈಗ ಹೆದರಿಕೆ ಯಾರದು?

"ಹೊನ್ನಿ, ಬಾಗಿಲು ನೋಡ್ಕೊ. ಗೆರೆ ಇಲ್ಲದವರನ್ನ ಒಳಗೆ ಬಿಡಬೇಡ. ಅತ್ತರೂ ಬಿಡಬೇಡ, ಕರೆದರೂ ಬಿಡಬೇಡ. ನಾನೇ ಹೋಗಿ ನೆಂಟರನ್ನ ಕರ್ಕೊಂಡು ಬರ್ತೀನಿ" ಎಂದು ಹೊರಟಳು.

ಹತ್ತಿರ ಹೋಗಿ ನೋಡಿದರೆ ನೆಂಟರು ಸಣ್ಣ ಆಳು. ಮೈಯೆಲ್ಲ ನುಣುಪು. ಕಣ್ಣು ಮಿಟುಕಿಸದೆ ಒಂದೇ ಕಡೆ ನೋಡುತ್ತಿದ್ದರು. ಮೀನುಗಳು ಕಣ್ಣು ಮಿಟುಕಿಸುವುದಿಲ್ಲ, ಆದ್ದರಿಂದ ಅದರಲ್ಲಿ ತಪ್ಪು ಕಾಣಲಿಲ್ಲ. ಆದರೆ ನೆಂಟರ ಕಿವಿರು ಆಡುತ್ತಿರಲಿಲ್ಲ. ಬಾಲವೂ ನೀರು ಅಲುಗಿದಾಗಷ್ಟೇ ಅಲುಗುತ್ತಿತ್ತು. ಬಾಯ ಮುಂದೆ ಮಾತ್ರ ಒಂದು ದುಂಡನೆಯ ಹಿಟ್ಟಿನ ತುತ್ತು ಇತ್ತು.

ಬೇವಿನ ಎಲೆಯನ್ನು ಸಂಜೆಯವರೆಗೆ ವಿಚಾರಿಸಿದವಳು ಇಲ್ಲಿ ಒಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. "ಪಾಪ, ನಾಚಿಕೆ ಸ್ವಭಾವ" ಎಂದುಕೊಂಡಳು. "ಬನ್ನಿ ಬನ್ನಿ" ಎನ್ನುತ್ತ, ಮರ್ಯಾದೆಗೆ ಲೋಪ ಬರದಂತೆ, ಆ ತುತ್ತನ್ನು ಬಾಯಿಗೆ ತೆಗೆದುಕೊಂಡಳು.

ಮೇಲ್ದುಟಿಯಲ್ಲಿ ಚುಚ್ಚಿದ ನೋವು. ಹೊಂಡವೆಲ್ಲ ಗಿರ್ರನೆ ಕೆಳಗೆ ಹೋಯಿತು. ಮರುಕ್ಷಣ ಪದುಮಕ್ಕ ಗಾಳಿಯಲ್ಲಿದ್ದಳು.

ಮೆಟ್ಟಿಲಿನ ಮೇಲೆ ಇಬ್ಬರು ಮನುಷ್ಯರು. ಒಬ್ಬ ದೊಡ್ಡ ಟೋಪಿ ಹಾಕಿಕೊಂಡು ಮಡಚುವ ಕುರ್ಚಿಯಲ್ಲಿ ಕೂತಿದ್ದ. ಇನ್ನೊಬ್ಬ ಕನ್ನಡಕದವನು, ಪಕ್ಕದಲ್ಲಿ ಕುಕ್ಕರಗಾಲಲ್ಲಿದ್ದ. ಟೋಪಿಯವನು ಪದುಮಕ್ಕನನ್ನು ಒರಟು ಟವೆಲ್ಲಿನಲ್ಲಿ ಮುಖ ಸೇರಿಸಿ ಬಿಗಿಯಾಗಿ ಹಿಡಿದು, ತುಟಿಯ ಗಾಳ ಬಿಡಿಸಿದ. ಟವೆಲ್ಲಿಗೆ ಅವಳ ಕೆನ್ನೆಗಳು ಉಜ್ಜಿ ಉರಿದವು.

"ಸಾರ್, ಆ ಬಾಟ್ಲಿಯಲ್ಲಿ ಅಂಥದ್ದೇನಿದೆ? ನೀರಿನ ಥರ ಇದೆ. ಬಣ್ಣಾನೇ ಇಲ್ಲ" ಎಂದ ಕನ್ನಡಕದವನು.

"ನಮ್ಮ ಕಣ್ಣಿಗೆ ಕಾಣಲ್ಲ ಕಣಯ್ಯ. ಅತಿನೇರಳೆ ಅಂತೆ. ಮೀನಿಗೆ ದೂರದಿಂದಲೇ ಜಗಜಗ ಅಂತ ಕಾಣುತ್ತಂತೆ. ಈ ರಬ್ಬರು ಮೀನಿಗೆ ಬೆರಳಲ್ಲಿ ಹೀಗೆ ಒಂದು ಸಲ ಸವರಿದ್ರೆ ಸಾಕು." ಅವನು ರಬ್ಬರಿನ ಮರಿಮೀನೊಂದನ್ನು ತೋರಿಸಿದ. ಅದರ ಕೆನ್ನೆಯ ಮೇಲೆ ಅವನ ಮೂರು ಬೆರಳು ಎಳೆದ ಮೂರು ಗೆರೆ. "ಮೂರು ದಿನಕ್ಕೆ ಮೂರನೇದು ಇದು. ಇಷ್ಟು ದಿನ ಬರೀ ಹಿಟ್ಟು ಕಟ್ಟಿ ಕೂತು ಬೇಜಾರಾಗಿತ್ತು."

ಮೂರು ದಿನಕ್ಕೆ ಮೂರನೇದು. ತಿಪ್ಪಕ್ಕ, ವೀರಭದ್ರ ಭಾವ, ಈಗ ತಾನು.

ಪದುಮಕ್ಕನಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅರ್ಥವಾದದ್ದು ಗಾಳದ ನೋವಿಗಿಂತ ಹೆಚ್ಚು ನೋಯಿತು. ಸಿಟ್ಟಿನಿಂದ ಬೆನ್ನಿನ ಮುಳ್ಳನ್ನು ನೆಟ್ಟಗೆ ಎಬ್ಬಿಸಿದಳು. "ಅಯ್ಯೋ!" ಎಂದು ಟೋಪಿಯವನು ಕೈ ಕೊಡವಿದ. ಅವಳು ಕಲ್ಲಿಗೆ ಬಡಿದು, ಪುಟಿದು, ಉರುಳಿ ನೀರಿಗೆ ಬಿದ್ದಳು.

"ಹೋಗಲಿ ಬಿಡಿ ಸಾರ್, ಇನ್ನೊಂದು ಬರುತ್ತೆ" ಎಂದ ಕನ್ನಡಕದವನು. ಟೋಪಿಯವನು ರಬ್ಬರಿನ ಮೀನಿನ ಮುಂದೆ ಹೊಸ ಹಿಟ್ಟು ಮೆತ್ತತೊಡಗಿದ.

ಪದುಮಕ್ಕ ಒಂದೇ ಉಸಿರಿಗೆ ಬಿರುಕಿನ ಬಾಗಿಲಿಗೆ ಬಂದಳು. ಹೊನ್ನಿ ಅಡ್ಡ ನಿಂತಿದ್ದಳು.

"ನಿಲ್ಲು! ಯಾರು ನೀನು?"

"ಹೊನ್ನಿ, ನಾನು ಕಣೇ, ನಿನ್ನ ಅವ್ವ! ಎಲ್ಲರನ್ನೂ ಒಳಗೆ ಕರಿ, ಬೇಗ!"

ತುಟಿ ಹರಿದಿತ್ತಲ್ಲ, ಮಾತು ತೊದಲಿತು. ಹೊನ್ನಿ ಅವಳ ಒಂದು ಕೆನ್ನೆ ನೋಡಿದಳು. ಮೆಲ್ಲಗೆ ಸುತ್ತಿ ಬಂದು ಇನ್ನೊಂದು ಕೆನ್ನೆ ನೋಡಿದಳು. ಟವೆಲ್ಲಿಗೆ ಉಜ್ಜಿ ಹುರುಪೆ ಕಿತ್ತು ಎರಡೂ ಕೆನ್ನೆ ಬೋಳಾಗಿದ್ದವು. ಒಂದು ಗೆರೆಯೂ ಉಳಿದಿರಲಿಲ್ಲ.

"ನಿನಗೆ ಮನೆಬಣ್ಣ ಇಲ್ಲ" ಎಂದಳು ಹೊನ್ನಿ. "ನಮ್ಮ ಅವ್ವ ಹೇಳಿ ಹೋಗಿದ್ದಾಳೆ. ಗೆರೆ ಇಲ್ಲದವರನ್ನ ಒಳಗೆ ಬಿಡಬಾರದು. ಅತ್ತರೂ ಬಿಡಬಾರದು."

"ಹಾಗೆ ಹೇಳಿದ್ದು ನಾನೇ ಕಣೇ!"

"ಬಾಗಿಲ ಮರೆಯಲ್ಲಿ ಕದ್ದು ಕೇಳಿಸ್ಕೊಂಡಿರ್ತೀಯ."

ತಾನಾಗಿದ್ದರೂ ಇದೇ ಮಾತು ಹೇಳುತ್ತಿದ್ದೆ ಎಂದು ಪದುಮಕ್ಕನಿಗೆ ಅನಿಸಿತು. ಅಷ್ಟರಲ್ಲಿ ಒಳಗಿನ ಗೆಂಡೆಗಳು ಬಂದು ಸುತ್ತುವರಿದವು.

"ಏಡಿಯ ಕಡೆಯವಳು ಇವಳು!"

"ಪದುಮಕ್ಕನ ಹಾಗೇ ವೇಷ ಹಾಕ್ಕೊಂಡು ಬಂದಿದ್ದಾಳೆ!"

"ಪದುಮಕ್ಕನನ್ನ ಏನು ಮಾಡ್ದೆ ಹೇಳು!"

"ನಮ್ಮ ಬಣ್ಣಾನ ಮನುಷ್ಯರು ಬಾಟ್ಲಿಯಲ್ಲಿ ಇಟ್ಕೊಂಡಿದ್ದಾರೆ" ಎಂದು ಪದುಮಕ್ಕ ಕೂಗಿದಳು. "ಮೇಲೆ ಬರೋರು ನೆಂಟರಲ್ಲ, ರಬ್ಬರು! ಆ ತುತ್ತಿನೊಳಗೆ ಕಬ್ಬಿಣ ಇದೆ!"

ಯಾರೂ ನಂಬಲಿಲ್ಲ. ಮನೆಬಣ್ಣವನ್ನು ಬಾಟಲಿಯಲ್ಲಿ ಇಡುವುದೆಂದರೇನು? ಕೆನ್ನೆಯಲ್ಲಿ ಹುಟ್ಟಿ ಬರುವ ಬಣ್ಣ ಅದು. ಮೂತಿಯಿಂದ ಗುದ್ದಿ ಗುದ್ದಿ ಅವಳನ್ನು ಬಾಗಿಲಿನಿಂದ ಆಚೆ ಅಟ್ಟಿದರು.

ಆಗಲೇ ಮೇಲಿನ ಮೆಟ್ಟಿಲ ಹತ್ತಿರ ಮತ್ತೆ ಮೂರು ಗೆರೆ ಹೊಳೆದವು.

ಹೊನ್ನಿ ಅದನ್ನು ನೋಡಿದಳು. ಅವಳ ಮುಖ ಅರಳಿತು. "ನೆಂಟರು! ಅವ್ವ ಇವರನ್ನೇ ಕರೆಯೋಕೆ ಹೋಗಿದ್ಲು. ಇವರಿಗೆ ಅವ್ವ ಎಲ್ಲಿದ್ದಾಳೆ ಅಂತ ಗೊತ್ತಿರುತ್ತೆ. ತುತ್ತು ತಗೊಂಡು ಕೇಳ್ತೀನಿ" ಎಂದು ಹೊರಟೇಬಿಟ್ಟಳು.

"ಬೇಡ ಹೊನ್ನಿ! ಬೇಡ!"

ಪದುಮಕ್ಕ ಅಡ್ಡ ಹೋಗಲು ನೋಡಿದಳು. ನಾಲ್ಕು ದಪ್ಪ ಗೆಂಡೆಗಳು ಅವಳನ್ನು ಬಂಡೆಗೆ ಒತ್ತಿ ತಡೆದವು. ಮಗಳು ತನ್ನನ್ನು ಹುಡುಕಲೆಂದೇ ತನ್ನ ಕಣ್ಣ ಮುಂದೆ ಗಾಳದ ಕಡೆಗೆ ಹೋಗುತ್ತಿದ್ದಾಳೆ. ಕೂಗಿದರೆ ಕೇಳುವವರಿಲ್ಲ, ಹೇಳಿದರೆ ನಂಬುವವರಿಲ್ಲ. ಆ ದಾರವನ್ನು ಕತ್ತರಿಸಬಲ್ಲವನು ಇಡೀ ಹೊಂಡದಲ್ಲಿ ಒಬ್ಬನೇ, ಅವನನ್ನು ತಾನೇ ನಿಂತು ಮುಚ್ಚಿಸಿದ್ದಾಳೆ. ಪದುಮಕ್ಕ ಮೈ ತಿರುಚಿ ಆ ನಾಲ್ವರ ಹೊಟ್ಟೆಯಡಿಯಿಂದ ನುಸುಳಿ ನೇರ ಕೆಳಗಿನ ಮೆಟ್ಟಿಲಿಗೆ ಧುಮುಕಿದಳು.

ಹರಿದ ತುಟಿಯಲ್ಲೇ ಒಂದೊಂದು ಕಲ್ಲನ್ನೂ ನೂಕಿದಳು. ರಕ್ತ ನೀರಿಗೆ ಸೇರಿತು. ಒಳಗಿನಿಂದ ದನಿ ಬಂತು.

"ಯಾರದು?"

"ನಾನು ಪದುಮಕ್ಕ. ನನ್ನ ಕೆನ್ನೆಯಲ್ಲಿ ಗೆರೆ ಉಳಿದಿಲ್ಲ ನಿಂಗಣ್ಣ, ಆದ್ರೂ ನಾನೇ."

"ನಿನ್ನ ಗೆರೆ ನಾನು ಯಾವತ್ತು ನೋಡಿದ್ದೆ? ಕಲ್ಲು ನೂಕೋ ಈ ಅವಸರ ನಿಂದೇ." ಮತ್ತೆ ಸ್ವಲ್ಪ ತಡೆದು ಕೇಳಿದ, "ಈಗ ಯಾವ ವಿಚಾರಣೆ ಬಾಕಿ ಇದೆ?"

"ಯಾವುದೂ ಇಲ್ಲ. ನೀನು ಹೇಳಿದ್ದೆಲ್ಲ ನಿಜ. ನಾನು ತಪ್ಪು ಮಾಡ್ದೆ. ನನ್ನ ಮಗಳು ಅದರ ಹತ್ತಿರ ಹೋಗ್ತಿದ್ದಾಳೆ, ನಿನ್ನ ದಮ್ಮಯ್ಯ, ಬಾ."

ನಿಂಗಣ್ಣ ಕೊನೆಯ ಕಲ್ಲನ್ನು ತಾನೇ ಒಳಗಿನಿಂದ ತಳ್ಳಿ ಹೊರಬಂದ. ಇವಳು ಸುಳ್ಳು ಹೇಳುತ್ತಿರಬಹುದೇ, ಹೊರಗೆ ಕರೆದು ಇನ್ನೇನು ಮಾಡಿಸುತ್ತಾಳೋ ಎಂಬ ಅನುಮಾನ ಅವನಿಗೂ ಬಂದಿರಲೇಬೇಕು. ಬಂದರೂ ಅದನ್ನು ನುಂಗಿಕೊಂಡು, ಎಂಟು ಕಾಲಿನಲ್ಲಿ ಸರಸರ ಗೋಡೆ ಹತ್ತತೊಡಗಿದ.

"ಎಲ್ಲಿದೆ ಅದು? ನನಗೆ ಅಷ್ಟು ದೂರ ಕಾಣಲ್ಲ."

"ಎಡಕ್ಕೆ. ಇನ್ನೂ ಮೇಲೆ. ಆ ಚಾಚಿದ ಕಲ್ಲಿನ ಹತ್ತಿರ ಹೊಳೀತಿದೆ. ದಾರ ನನಗೆ ಕಾಣ್ತಿಲ್ಲ ನಿಂಗಣ್ಣ!"

"ನೀನು ಹೊಳೆಯೋದನ್ನ ತೋರಿಸು. ದಾರ ನಾನು ಹುಡುಕ್ಕೋತೀನಿ."

ಅಲ್ಲಿ ಹೊನ್ನಿ ನೆಂಟರ ಎದುರು ನಿಂತು ತಲೆ ಬಾಗಿಸಿದ್ದಳು. "ನಮ್ಮ ಅವ್ವ ನಿಮ್ಮನ್ನ ಕರೆಯೋಕೆ ಬಂದಿದ್ಲು..." ಎಂದು ಶುರುಮಾಡಿದವಳು, ತುತ್ತಿಗೆ ಮೊದಲು ಪ್ರಶ್ನೆ ಕೇಳಬಾರದೆಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಮುಂದೆ ಬಾಗಿ ಬಾಯಿ ತೆರೆದಳು.

ನಿಂಗಣ್ಣ ಚಾಚಿದ ಕಲ್ಲಿನ ತುದಿಗೆ ತಲುಪಿದ್ದ. ಎರಡೂ ಕೊಂಡಿ ನೀರಿಗೆ ಚಾಚಿ ತಡಕಾಡಿದ. ಏನೂ ಇಲ್ಲ.

"ಇನ್ನೂ ಮುಂದೆ!" ಎಂದಳು ಪದುಮಕ್ಕ. "ನಿನ್ನ ಬಲಗೊಂಡಿಯ ಮುಂದೆ!"

ಹೊನ್ನಿ ಕಿರುಚಿದಳು. ದಾರ ಜುಯ್ಯೆಂದು ಬಿಗಿಯಿತು. ಹೊನ್ನಿಯ ಮೈ ಮೇಲಕ್ಕೆ ಚಿಮ್ಮಿತು. ಬಿಗಿದ ದಾರ ನಿಂಗಣ್ಣನ ಬಲಗೊಂಡಿಗೆ ತಾಕಿತು. ಅವನು ಕಚಕ್ಕನೆ ಮುಚ್ಚಿದ.

ಮೇಲೆ ಟೋಪಿಯವನು ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದ ಸದ್ದು ಕೇಳಿಸಿತು. ಹೊನ್ನಿಯೂ ರಬ್ಬರಿನ ನೆಂಟರೂ ಒಟ್ಟಿಗೆ ತಳಕ್ಕೆ ಇಳಿದರು.

ನಿಂಗಣ್ಣ ಹಿಂದೆಯೇ ಬಂದು, ಒಂದು ಕೊಂಡಿಯಲ್ಲಿ ಹೊನ್ನಿಯ ತುಟಿ ಹಿಡಿದು ಇನ್ನೊಂದರಲ್ಲಿ ಗಾಳ ಬಿಡಿಸಿದ. ಹಿಟ್ಟನ್ನು ಪುಡಿ ಮಾಡಿ ಒಳಗಿದ್ದ ಬಾಗಿದ ಕಬ್ಬಿಣವನ್ನು ಬಂಡೆಯ ಮೇಲೆ ಇಟ್ಟ. ಗೆಂಡೆಗಳೆಲ್ಲ ಸುತ್ತ ನಿಂತು ನೋಡಿದವು. ಪಕ್ಕದಲ್ಲಿ ರಬ್ಬರಿನ ಮೀನು ಹೊಟ್ಟೆ ಮೇಲಾಗಿ ಬಿದ್ದಿತ್ತು. ಅದರ ಕೆನ್ನೆಯ ಮೂರು ಗೆರೆ ಇನ್ನೂ ಜಗಜಗ ಹೊಳೆಯುತ್ತಿದ್ದವು.

ಹೊನ್ನಿ ಬೋಳು ಕೆನ್ನೆಯವಳ ಎದುರು ಬಂದು ನಿಂತಳು.

"ನೀನು ನಿಜವಾಗ್ಲೂ ನಮ್ಮ ಅವ್ವನೇನಾ?"

"ಹೌದು ಮಗಳೇ. ನಂಬಿಕೆ ಬರದಿದ್ರೆ ಕೇಳು. ಏನು ಬೇಕಾದ್ರೂ ಕೇಳು."

ಹೊನ್ನಿ ಯೋಚಿಸಿದಳು. ಅವ್ವನಿಗೂ ತನಗೂ ಮಾತ್ರ ಗೊತ್ತಿರುವ ಸಂಗತಿ ಯಾವುದೆಂದು ಹುಡುಕಿದಳು. ಆಮೇಲೆ ಎಲ್ಲರ ಮುಂದೆ ಕೇಳಿಬಿಟ್ಟಳು.

"ಆವತ್ತು ತಿಪ್ಪಕ್ಕನನ್ನ ಮೇಲಿನ ಮೆಟ್ಟಿಲಿಗೆ ಕಳಿಸಿದ್ದು ಯಾರು?"

ತಿಪ್ಪಕ್ಕನ ಮಕ್ಕಳು ಗುಂಪಿನಲ್ಲೇ ಇದ್ದರು. ಪದುಮಕ್ಕನಿಗೆ ಓಡಿಹೋಗಬೇಕೆನಿಸಿತು. ಗೊತ್ತಿಲ್ಲ ಎಂದರೆ ತಪ್ಪಿಸಿಕೊಳ್ಳಬಹುದಿತ್ತು, ಮಗಳು ಮಾತ್ರ ಕೈತಪ್ಪುತ್ತಿದ್ದಳು.

"ನಾನೇ" ಎಂದಳು. "ಮೂರು ಗೆರೆ ನೋಡಿ ನಮ್ಮವರು ಅಂದ್ಕೊಂಡು ನಾನೇ ಕಳಿಸ್ದೆ. ನಿಂಗಣ್ಣ ಕೇಳಿದಾಗ ಬಾಯಿ ಮುಚ್ಕೊಂಡವಳೂ ನಾನೇ. ಆಗಲೇ ಹೇಳಿದ್ರೆ ಇವತ್ತು ನಿನ್ನ ತುಟಿ ಹರೀತಿರಲಿಲ್ಲ."

ಹೊನ್ನಿ ತಾಯಿಯ ಬೋಳು ಕೆನ್ನೆಗೆ ತನ್ನ ಕೆನ್ನೆ ಒತ್ತಿ ಅತ್ತಳು. ತಿಪ್ಪಕ್ಕನ ಮಕ್ಕಳು ಮಾತಾಡದೆ ತಮ್ಮ ಸಂದಿಗೆ ಹೋದರು. ಅವರು ಪದುಮಕ್ಕನ ಜೊತೆ ಮತ್ತೆ ಮಾತಾಡಲು ಬಹಳ ದಿನ ಬೇಕಾಯಿತು. ಅದನ್ನು ಅವಳು ಸಹಿಸಿಕೊಂಡಳು, ಸಹಿಸಿಕೊಳ್ಳಲೇಬೇಕಿತ್ತು. ನಿಂಗಣ್ಣನ ಬಿಲದ ಮುಂದಿನ ಕಲ್ಲುಗಳನ್ನೆಲ್ಲ ಅವಳೊಬ್ಬಳೇ ದೂರ ಸಾಗಿಸಿದಳು. ಯಾರಾದರೂ ಸಹಾಯಕ್ಕೆ ಬಂದರೆ ಬೇಡ ಎಂದಳು.

ಮಾರನೆಯ ಬೆಳಿಗ್ಗೆ ಮೇಲಿನ ಮೆಟ್ಟಿಲ ಹತ್ತಿರ ಮತ್ತೆ ಮನೆಬಣ್ಣ ಹೊಳೆಯಿತು. ಈ ಸಲ ಇನ್ನೂ ಜೋರು, ಕೆನ್ನೆಗೆ ನಾಲ್ಕು ಗೆರೆ. ಗೆಂಡೆಗಳೆಲ್ಲ ಬಾಗಿಲಲ್ಲೇ ನಿಂತವು. ಪದುಮಕ್ಕ ಸ್ವಲ್ಪ ಮುಂದೆ ಹೋಗಿ, ಸಾಕಷ್ಟು ದೂರದಲ್ಲೇ ನಿಂತು, ಗಟ್ಟಿಯಾಗಿ ಕೇಳಿದಳು.

"ಯಾವ ಸಂದಿನವರು? ನಿಮ್ಮ ಅವ್ವನ ಹೆಸರೇನು?"

ನೆಂಟರು ಉತ್ತರ ಕೊಡಲಿಲ್ಲ.

"ನಮ್ಮವರ ಹತ್ತಿರ ತುತ್ತಿಗೆ ಮೊದಲು ಪ್ರಶ್ನೆ ಕೇಳೋದು ಅವಮಾನ ಅಲ್ವೇನವ್ವ?" ಎಂದು ಹಿಂದಿನಿಂದ ಹೊನ್ನಿ ಮೆಲ್ಲಗೆ ಕೇಳಿದಳು.

"ನಿಜವಾದ ನೆಂಟರಾದ್ರೆ ಒಂದು ಪ್ರಶ್ನೆಗೆ ಮುನಿಸ್ಕೊಂಡು ಸಾಯಲ್ಲ" ಎಂದಳು ಪದುಮಕ್ಕ.

ಮಧ್ಯಾಹ್ನದವರೆಗೂ ಉತ್ತರ ಬರಲಿಲ್ಲ. ಆಮೇಲೆ ನೆಂಟರು ತಾವಾಗಿಯೇ ಮೇಲಕ್ಕೆ ಹೋದರು. ಕುರ್ಚಿ ಮಡಚುವ ಸದ್ದು ಕೇಳಿಸಿತು.

ನೀತಿ: ಹೊರಗಿನವರನ್ನು ಅನುಮಾನಿಸುವಷ್ಟೇ ಎಚ್ಚರದಿಂದ ನಮ್ಮವರಂತೆ ತೋರುವುದನ್ನೂ ಪ್ರಶ್ನಿಸಬೇಕು, ಗುರುತು ನೋಡಿ ನಂಬುವವರನ್ನು ಗುರುತು ಬಳಿದುಕೊಂಡು ಬಂದವರು ಸುಲಭವಾಗಿ ಹಿಡಿಯುತ್ತಾರೆ.